ಚಳಿಗಾಲದ ಟೈರ್: ದಿನದ ಓಡಾಟಕ್ಕೆ ಹಾಕಿಸಬೇಕಾ?

ಪರ: ಬ್ರೇಕ್ ಒತ್ತಿದರೆ ಕಾರು ನಿಲ್ಲಬೇಕು, ಅಷ್ಟೇ

ಪರವಾಗಿ ಬರೆಯಿರಿ ಅಂತ ನನಗೆ ಹೇಳಿದ್ದಾರೆ, ಬರೆಯುತ್ತೇನೆ. ಟೈರ್ ಬಗ್ಗೆ ಮೇಜು ಗುದ್ದಿ ವಾದ ಮಾಡುವಷ್ಟು ಹುರುಪು ನನಗಿಲ್ಲ. ಈ ವಿಷಯಕ್ಕೆ ಹುರುಪು ಬೇಕಾಗಿಯೂ ಇಲ್ಲ, ಲೆಕ್ಕ ಸಾಕು.

ಮೊದಲು ರಬ್ಬರ್. ಬೇಸಿಗೆ ಟೈರಿನ ರಬ್ಬರನ್ನು ಬಿಸಿ ರಸ್ತೆಗೆ ಅಂತಲೇ ಮಾಡಿರುತ್ತಾರೆ. ಚಳಿ ಜಾಸ್ತಿಯಾದಂತೆ ಅದು ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರ್ ರಸ್ತೆಯ ಸಣ್ಣ ಸಣ್ಣ ತಗ್ಗುಗಳೊಳಗೆ ಇಳಿಯುವುದಿಲ್ಲ, ಮೇಲೆ ಮೇಲೆ ಜಾರುತ್ತದೆ. ಚಳಿಗಾಲದ ಟೈರಿನ ಮಿಶ್ರಣವೇ ಬೇರೆ. ಸಿಲಿಕಾ ಹಾಕಿ ಮೆತ್ತಗೆ ಮಾಡಿರುತ್ತಾರೆ, ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದರೂ ಅದು ಬಾಗುತ್ತದೆ. ಅದರ ಮೈಮೇಲೆ ತುಂಬಾ ತೆಳ್ಳಗಿನ ಸೀಳುಗಳಿರುತ್ತವೆ. ಕಾರಿನ ಭಾರ ಬಿದ್ದಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚಿಕೊಳ್ಳುತ್ತವೆ. ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ, ಹಾಗಾಗಿ ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡ ಹಿಮ ಕೂಡ ಹಿಡಿತಕ್ಕೇ ನೆರವಾಗುತ್ತದೆ. ಇದು ಜಾಹೀರಾತಿನ ಮಾತಲ್ಲ, ಫಿನ್ಲೆಂಡಿನ ಈಗಿನ ನೋಕಿಯನ್ ಟೈರ್ಸ್ ಕಂಪನಿಯವರು 1934ರಲ್ಲೇ ಹಿಮಕ್ಕೆಂದು ಲಾರಿ ಟೈರ್ ಮಾಡಿದಾಗಿನಿಂದ ಜನ ಬಳಸಿ ನೋಡಿರುವ ಸಂಗತಿ.

ಈಗ ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಒಣ ಡಾಂಬರಿನ ಮೇಲೆ ಟೈರ್ ಮತ್ತು ರಸ್ತೆಯ ನಡುವಿನ ಘರ್ಷಣೆಯ ಅಂಕ, ಅಂದರೆ ಹಿಡಿತದ ಅಳತೆ, ಸುಮಾರು 0.8. ಬ್ರೇಕ್ ಹಿಡಿದ ಮೇಲೆ ಕಾರು 12-13 ಮೀಟರಿಗೆ ನಿಲ್ಲುತ್ತದೆ. ವಾಹನಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಆ ಅಂಕ 0.2 ಅಥವಾ 0.3ರ ಆಸುಪಾಸಿಗೆ ಇಳಿಯುತ್ತದೆ. ಚಳಿಗಾಲದ ಟೈರಿಗೆ 0.3 ಸಿಕ್ಕರೆ 33 ಮೀಟರ್. ಬೇಸಿಗೆ ಟೈರಿಗೆ 0.2 ಸಿಕ್ಕರೆ 49 ಮೀಟರ್. ನೋಡಿ, ದಶಮಾಂಶದಲ್ಲಿ ಒಂದೇ ಒಂದು ಅಂಕಿ ಆಚೀಚೆ, ರಸ್ತೆಯಲ್ಲಿ 16 ಮೀಟರ್ ಆಚೀಚೆ. ಮೂರೂವರೆ ಕಾರುಗಳ ಉದ್ದ. ಆ ಜಾಗದಲ್ಲಿ ಯಾರಾದರೂ ರಸ್ತೆ ದಾಟುತ್ತಿರಬಹುದು. ಇದರಲ್ಲಿ ನಿಮ್ಮ ಕಾಲು ಬ್ರೇಕ್ ಮೇಲೆ ಬರುವ ಹೊತ್ತು ಸೇರಿಲ್ಲ. ಅದಕ್ಕೆ ಒಂದು ಸೆಕೆಂಡ್ ಅಂದರೂ ಇನ್ನು 14 ಮೀಟರ್ ಹೋಯಿತು.

ನನ್ನದು ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರು, ನನಗ್ಯಾಕೆ ಈ ಟೈರ್ ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಕಾರು ಹೊರಡುವುದಕ್ಕೆ ಅದು ಒಳ್ಳೆಯದು, ನಿಜ. ಆದರೆ ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇರುತ್ತದೆ, ನಿಲ್ಲುವ ವಿಷಯದಲ್ಲಿ ನಿಮಗೆ ಹೆಚ್ಚಿಗೆ ಏನೂ ಸಿಗುವುದಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಇದೆ, ಕಾರು ಅಡ್ಡ ಜಾರದಂತೆ ತಡೆಯುವ ಇಎಸ್‌ಸಿ ಇದೆ ಅನ್ನುವವರಿಗೂ ಇದೇ ಉತ್ತರ. ಅವು ಇರುವ ಹಿಡಿತವನ್ನು ಜಾಣತನದಿಂದ ಹಂಚುತ್ತವೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಇಡೀ ಕಾರು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ಜಾಗದಲ್ಲಿ ಮಾತ್ರ. ಹಿಡಿತ ಅಂತ ಇದ್ದರೆ ಅಲ್ಲೇ ಇರಬೇಕು.

ಕಾನೂನು ಕೂಡ ಸುಮ್ನೆ ಬಂದಿಲ್ಲ. ಸ್ವೀಡನ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ರಸ್ತೆ ಚಳಿಗಾಲದ ಸ್ಥಿತಿಯಲ್ಲಿದ್ದರೆ ಈ ಟೈರ್ ಬೇಕೇ ಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ರಸ್ತೆ ಹೇಗಿದ್ದರೂ ಹಾಕಿರಲೇಬೇಕು. ಇವರೆಲ್ಲ ಹಿಮ ನೋಡದೆ ಕಾನೂನು ಬರೆದವರಲ್ಲ.

ಖರ್ಚಿನ ಮಾತು: ಚಳಿಗಾಲದ ಟೈರ್ ಓಡುವಾಗ ಬೇಸಿಗೆಯದು ಸವೆಯುವುದಿಲ್ಲ, ಬೇಸಿಗೆಯದು ಓಡುವಾಗ ಇದು ಸವೆಯುವುದಿಲ್ಲ. ಖರ್ಚು ಎರಡರಷ್ಟಾಗುತ್ತದೆ ಅನ್ನುವುದು ತಪ್ಪು ಲೆಕ್ಕ. ಇನ್ನು ವರ್ಷವಿಡೀ ಒಂದೇ ಟೈರ್ ಸಾಕು ಅನ್ನುವ ಆಲ್ ಸೀಸನ್ ವಾದ ಇದೆಯಲ್ಲ, ಅದು ಸೋಮಾರಿಗಳ ವಾದ, ಅದಕ್ಕೆ ಇಲ್ಲಿ ಜಾಗ ಹಾಳು ಮಾಡುವುದಿಲ್ಲ. ಬೆಚ್ಚಗಿನ ದಿನ ಈ ಟೈರ್ ಹೇಗಿರುತ್ತದೆ ಅಂತ ಎದುರಿನವರು ಕೇಳಿಯೇ ಕೇಳುತ್ತಾರೆ. ಕೇಳಲಿ. ನನಗೆ ಕೊಟ್ಟಿದ್ದು ಚಳಿಯ ದಿನ.

ವಿರೋಧ: ವರ್ಷಕ್ಕೆ ಎರಡು ಸಲ ಗಾಲಿ ಬಿಚ್ಚುವ ರಗಳೆ ಯಾರಿಗೆ ಬೇಕು

ಮೇಲಿನ ಬರಹ ಓದಿದರೆ, ಚಳಿಗಾಲ ಪೂರ್ತಿ ನಾವು ಹಿಮದ ಮೇಲೆ 50ರಲ್ಲಿ ಹೋಗಿ ಗಕ್ಕನೆ ಬ್ರೇಕ್ ಒತ್ತುವುದನ್ನೇ ಕಸುಬು ಮಾಡಿಕೊಂಡಿದ್ದೇವೆ ಅನಿಸುತ್ತದೆ. ಪ್ರಶ್ನೆಯನ್ನು ಇನ್ನೊಮ್ಮೆ ಓದಿ: ದಿನದ ಓಡಾಟಕ್ಕೆ ಬೇಕಾ? ದಿನದ ಓಡಾಟ ಅಂದರೆ ಆಫೀಸು, ಮಕ್ಕಳ ಶಾಲೆ, ಸಾಮಾನು ತರುವುದು. ಆ ರಸ್ತೆಗಳಲ್ಲಿ ಬೆಳಗಾಗುವ ಮೊದಲೇ ಹಿಮ ತಳ್ಳುವ ಗಾಡಿ ಬಂದು ಹೋಗಿರುತ್ತದೆ, ಹಿಮ ಕರಗಲೆಂದು ಉಪ್ಪು ಬಿದ್ದಿರುತ್ತದೆ. ಉಳಿಯುವುದೇನು? ತಣ್ಣಗಿನ, ಒದ್ದೆಯಾದ, ಕಪ್ಪು ಡಾಂಬರು. ಚಳಿಗಾಲದ ಬಹುಪಾಲು ದಿನ ನಾವು ಓಡಿಸುವುದು ಅದರ ಮೇಲೆ.

ಅಲ್ಲಿ ಈ ಮೆತ್ತನೆ ಟೈರ್ ಏನು ಮಾಡುತ್ತದೆ ಅಂದರೆ, ಕುಲುಕುತ್ತದೆ. ಸೀಳುಗಳಿರುವುದರಿಂದ ರಬ್ಬರಿನ ತುಂಡುಗಳು ಒತ್ತಡಕ್ಕೆ ಆಚೀಚೆ ವಾಲುತ್ತವೆ, ಸ್ಟೀರಿಂಗ್ ತಿರುಗಿಸಿದರೆ ಕಾರು ಒಂದು ಕ್ಷಣ ಯೋಚನೆ ಮಾಡಿ ತಿರುಗುತ್ತದೆ. ಚಳಿಗಾಲದ ನಡುವೆ ಬಿಸಿಲು ಬಿದ್ದು 15 ಡಿಗ್ರಿ ಆಯಿತು ಅಂದುಕೊಳ್ಳಿ, ಆಗ ಒಣ ರಸ್ತೆಯಲ್ಲಿ ಬೇಸಿಗೆ ಟೈರಿಗಿಂತ ದೂರ ಹೋಗಿ ನಿಲ್ಲುವುದು ಇದೇ. "7 ಡಿಗ್ರಿ ಬಂತಾ, ಟೈರ್ ಬದಲಿಸಿ" ಅನ್ನುವ ಮಂತ್ರ ಎಲ್ಲರ ಬಾಯಲ್ಲೂ ಇದೆ. 7 ಡಿಗ್ರಿಗೆ ರಬ್ಬರಿನೊಳಗೆ ಸ್ವಿಚ್ ಏನೂ ಬೀಳುವುದಿಲ್ಲ. ಅದು ನೆನಪಿಡಲು ಸುಲಭ ಅಂತ ಮಾಡಿಕೊಂಡ ಗುರುತು, ಅಷ್ಟೇ. ಇನ್ನು ಕೆಲವರು ಬೂಟು-ಚಪ್ಪಲಿ ಹೋಲಿಕೆ ತರುತ್ತಾರೆ, ಹಿಮದಲ್ಲಿ ಚಪ್ಪಲಿ ಹಾಕಿಕೊಂಡು ಹೋಗ್ತೀರಾ ಅಂತ. ಸ್ವಾಮಿ, ಮನೆಯಿಂದ ಆಫೀಸಿನವರೆಗೆ ಗುಡಿಸಿದ ದಾರಿ ಇದ್ದರೆ ನಾನು ಮಾಮೂಲಿ ಶೂ ಹಾಕಿಕೊಂಡೇ ಹೋಗುತ್ತೇನೆ.

ಆ 16 ಮೀಟರಿಗೆ ಬರೋಣ. ಅದೇ ಲೆಕ್ಕ, ಅದೇ ಕಳಪೆ 0.2 ಇಟ್ಟುಕೊಳ್ಳಿ, ವೇಗ ಮಾತ್ರ 50ರ ಬದಲು 40 ಮಾಡಿ. ಕಾರು 32 ಮೀಟರಿನೊಳಗೆ ನಿಲ್ಲುತ್ತದೆ. ಅಂದರೆ ಚಳಿಗಾಲದ ಟೈರ್ ಹಾಕಿಕೊಂಡು 50ರಲ್ಲಿ ಹೋದವರಿಗಿಂತ ಮೊದಲೇ ನಿಂತೆ! ಕಾಲನ್ನು ಸ್ವಲ್ಪ ಎತ್ತಿದ್ದಕ್ಕೆ ನನಗೆ ಯಾರೂ ಬಿಲ್ಲು ಕೊಡಲಿಲ್ಲ. ಅವರೂ 40ರಲ್ಲಿ ಹೋದರೆ ಅಂತ ಕೇಳಬೇಡಿ, ಅವರು ಹೋಗುವುದಿಲ್ಲ. ಹೊಸ ಟೈರ್ ಹಾಕಿಸಿದವರು ಹಿಮದಲ್ಲಿ ಹೇಗೆ ಓಡಿಸುತ್ತಾರೆ ಅಂತ ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೇನೆ, ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು.

ಆದರೆ ನನ್ನ ನಿಜವಾದ ಸಿಟ್ಟು ಈ ಗಾಲಿ ಬದಲಿಸುವ ಕೆಲಸದ ಮೇಲೆ. ಹಿಮ ಬೀಳುತ್ತದೆ ಅಂತ ಹವಾಮಾನದವರು ಹೇಳಿದ ಮರುದಿನ ಇಡೀ ಊರು ಟೈರ್ ಅಂಗಡಿ ಮುಂದೆ ಇರುತ್ತದೆ. ಕೆಲಸದವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಹೀಗೇ ಒಂದು ವರ್ಷ ಕಾದು ಕಾದು, ರಿಮ್ ಸಮೇತ ಇದ್ದ ನಾಲ್ಕು ಗಾಲಿ ಹಾಕಿಸಿಕೊಂಡು, ಮನೆಯವರನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಗೆ ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಟಕ್ ಟಕ್ ಅಂತ ಸದ್ದು. ಟೈರಿಗೆ ಕಲ್ಲು ಸಿಕ್ಕಿರಬೇಕು ಅಂದುಕೊಂಡೆ. ಹಿಂದೆ ಕೂತಿದ್ದ ಅತ್ತೆಯವರು, "ಏನೋ ಸಡಿಲ ಆದ ಹಾಗಿದೆ, ನೋಡಿ ಅಳಿಯಂದ್ರೆ" ಅಂದರು. ಅವರಿಗೆ ಕಾರು ಓಡಿಸಲು ಬರುವುದಿಲ್ಲ, ಆದರೆ ಹೊಲಿಗೆ ಮಿಷನ್ನು, ಮಿಕ್ಸಿ, ಫ್ಯಾನು ಯಾವುದು ಕೆಟ್ಟರೂ ಸದ್ದಿನಲ್ಲೇ ಹೇಳುವವರು. ಅಷ್ಟರಲ್ಲಿ ಸ್ಟೀರಿಂಗ್ ನಡುಗಲು ಶುರುವಾಯಿತು. ಪಕ್ಕಕ್ಕೆ ಹಾಕಿ ಇಳಿದು ನೋಡಿದರೆ, ಮುಂದಿನ ಎಡಗಾಲಿಯ ನಟ್ಟುಗಳು ಬೆರಳಲ್ಲಿ ತಿರುಗುತ್ತಿದ್ದವು. ಬೆರಳಲ್ಲಿ! ಲಾರಿಗಳು ಪಕ್ಕದಲ್ಲೇ ಬರ್‍ರೆಂದು ಹೋಗುತ್ತಿವೆ, ನಾನು ಮಂಡಿಯೂರಿ ಸ್ಪ್ಯಾನರ್ ಮೇಲೆ ಭಾರ ಹಾಕಿ ಒಂದೊಂದೇ ನಟ್ಟು ಬಿಗಿ ಮಾಡುತ್ತಿದ್ದೇನೆ, ಅತ್ತೆಯವರು ಕಿಟಕಿ ಇಳಿಸಿ, ಎದುರುಬದುರು ನಟ್ಟು ಬಿಗಿ ಮಾಡಿ, ಸಾಲಾಗಿ ಮಾಡಬೇಡಿ ಅನ್ನುತ್ತಿದ್ದಾರೆ. ಸರಿಯಾಗೇ ಹೇಳಿದರು ಅನ್ನಿ.

ಆಮೇಲೆ ಬಿಲ್ಲು ತೆಗೆದು ನೋಡಿದರೆ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿತ್ತು: 50 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿಕೊಳ್ಳಿ. ನಿಯಮ ಸರಿ, ಗಾಲಿ ಬಿಚ್ಚಿ ಹಾಕಿದ ಮೇಲೆ 50-100 ಕಿ.ಮೀ.ಗೆ ಒಮ್ಮೆ ನೋಡಲೇಬೇಕು. ಬಾಯಿಬಿಟ್ಟು ಹೇಳಲು ಅಂಗಡಿಯವರಿಗೆ ಏನಾಗಿತ್ತು? ಇಷ್ಟು ಸಾಲದು ಅಂತ, ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿಗೆ ಬಾಣದ ಗುರುತು ಇರುತ್ತದಲ್ಲ, ಹಿಂದಿನ ಎರಡು ಗಾಲಿಯಲ್ಲಿ ಅದು ಉಲ್ಟಾ ಇತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಕಳಿಸಿದ್ದರು. ಹಿಮದಲ್ಲಿ ಜಾರಬಾರದು ಅಂತ ಹಾಕಿಸಿದ ಟೈರಿನಿಂದ ಒಣ ರಸ್ತೆಯಲ್ಲಿ ಗಾಲಿಯೇ ಕಳಚುವಂತಾಗಿತ್ತು. ವರ್ಷಕ್ಕೆರಡು ಸಲ ಬಿಚ್ಚಿ ಹಾಕುವ ಕೆಲಸದಲ್ಲಿ ಇಂಥದ್ದೊಂದು ಅಪಾಯ ಇದೆ ಅಂತ ಪರ ಬರೆದವರು ಯಾಕೆ ಹೇಳಲಿಲ್ಲ?

ಖರ್ಚು ಹಂಚಿ ಹೋಗುತ್ತದಂತೆ. ಹೊಸ ಟೈರಿನ ಟ್ರೆಡ್ (ಮೈಮೇಲಿನ ಗೀರು) ಸುಮಾರು 8 ಮಿ.ಮೀ. ಆಳ ಇರುತ್ತದೆ. ಅದು 4 ಮಿ.ಮೀ.ಗೆ ಇಳಿದರೆ ಹಿಮದಲ್ಲಿ ಅಷ್ಟಕ್ಕಷ್ಟೇ, ಆಸ್ಟ್ರಿಯಾದಲ್ಲಂತೂ ಅದನ್ನು ಚಳಿಗಾಲದ ಟೈರ್ ಅಂತ ಒಪ್ಪುವುದೇ ಇಲ್ಲ. ಅಲ್ಲಿಗೆ ಅರ್ಧ ಟೈರ್ ದಂಡ. ನನ್ನ ಹಾಗೆ ಕಡಿಮೆ ಓಡಿಸುವವರದ್ದು ಸವೆಯುವ ಮೊದಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ ನೋಡಿ, 2321 ಅಂತಿದ್ದರೆ 2021ರ 23ನೇ ವಾರದಲ್ಲಿ ಮಾಡಿದ್ದು. ಓಡಿಸಿದರೂ ಓಡಿಸದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಅಷ್ಟು ವರ್ಷ ಆ ನಾಲ್ಕು ಗಾಲಿಗಳನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ? ನಮ್ಮ ಮನೆ ಉಗ್ರಾಣದಲ್ಲಿ ಕಾಲಿಡಲು ಜಾಗವಿಲ್ಲ, ಬಾಗಿಲು ತೆಗೆದರೆ ರಬ್ಬರ್ ವಾಸನೆ.

ಸೋಮಾರಿಗಳ ವಾದ ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದರಲ್ಲ, ಆ ಆಲ್ ಸೀಸನ್ ಟೈರಿಗೆ ಬರೋಣ. ಮೊದಲು ಎಂ+ಎಸ್ (ಮಡ್ ಆ್ಯಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅನ್ನುವ ಗುರುತು ಇರುತ್ತಿತ್ತು, ಅದನ್ನು ಹಾಕಲು ಪರೀಕ್ಷೆಯೇ ಬೇಕಿರಲಿಲ್ಲ, ತಯಾರಕರೇ ಹಾಕಿಕೊಳ್ಳುತ್ತಿದ್ದರು. ಅದನ್ನು ನಂಬಬೇಡಿ ಅಂದರೆ ಒಪ್ಪುತ್ತೇನೆ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರೀ ಎಂ+ಎಸ್ ಇದ್ದರೆ ಚಳಿಗಾಲಕ್ಕೆ ನಡೆಯುವುದಿಲ್ಲ. ಈಗ ನೋಡಬೇಕಾದ್ದು ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿತ್ರ. ಅದು ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಮಾತ್ರ. ಮಿಶೆಲಿನ್‌ನವರು 2015ರಲ್ಲಿ ತಂದ ಕ್ರಾಸ್‌ಕ್ಲೈಮೇಟ್‌ಗೆ ಆ ಗುರುತು ಇದೆ, ಈಗ ಬೇರೆ ಕಂಪನಿಗಳ ಎಷ್ಟೋ ಆಲ್ ಸೀಸನ್ ಟೈರಿಗೂ ಇದೆ. ಕಾನೂನಿನ ಭಯ ತೋರಿಸುವವರಿಗೆ ಹೇಳುತ್ತಿದ್ದೇನೆ, ಈ ಗುರುತಿದ್ದರೆ ಜರ್ಮನಿಯಲ್ಲೂ ಅದು ಚಳಿಗಾಲದ ಟೈರೇ. ಅವರು ಪಟ್ಟಿ ಮಾಡಿದ ಸ್ವೀಡನ್, ಆಸ್ಟ್ರಿಯಾದಲ್ಲೂ ರಸ್ತೆ ಸ್ಥಿತಿಯನ್ನೂ ನೋಡಿ ಕಡ್ಡಾಯ, ಬರೀ ತಾರೀಕು ನೋಡಿ ಅಲ್ಲ.

ಇನ್ನೊಂದು ಮಾತು. ಆ ಬೆಟ್ಟದ ಗುರುತು ಹಿಮಕ್ಕೆ, ನೀರು ಹೆಪ್ಪುಗಟ್ಟಿ ಆದ ಐಸಿಗಲ್ಲ. ಯುರೋಪಿನ ಟೈರ್ ಲೇಬಲ್ಲಿನಲ್ಲಿ ಐಸಿಗೆ ಬೇರೆಯೇ ಗುರುತು ಇದೆ, 2021ರ ಮೇ ತಿಂಗಳಿಂದ. ಮಧ್ಯ ಯುರೋಪಿನ ಒದ್ದೆ ರಸ್ತೆಗೆ ಮಾಡಿದ ಚಳಿಗಾಲದ ಟೈರ್ ಹಾಕಿಕೊಂಡು, ಐಸ್ ಮೇಲೂ ನನಗೇನಾಗುತ್ತೆ ಅಂತ ಹೋಗುವವರೇ ಜಾಸ್ತಿ. ಬರೀ ಐಸ್ ಮೇಲೆ ಸರಿಯಾಗಿ ಕಚ್ಚುವುದು ಮೊಳೆ ಹೊಡೆದ ಟೈರು, ಅದು ಡಾಂಬರನ್ನೇ ಕೆತ್ತಿ ದೂಳೆಬ್ಬಿಸುತ್ತದೆ ಅಂತ ಸ್ಟಾಕ್‌ಹೋಮ್‌ನವರು 2010ರಲ್ಲೇ ಹೋರ್ನ್ಸ್‌ಗಾತನ್ ಬೀದಿಯಲ್ಲಿ ಅದನ್ನು ನಿಷೇಧಿಸಿದರು.

ಹಿಮ ತಳ್ಳುವ ಗಾಡಿಯೇ ಬರದ ಗುಡ್ಡದ ಮೇಲೆ ಮನೆ ಇದೆಯಾ? ನಡುರಾತ್ರಿ ಡ್ಯೂಟಿಗೆ ಹೋಗಲೇಬೇಕಾದ ನರ್ಸಾ? ಹಾಕಿಸಿ, ನಾನು ಬೇಡ ಅನ್ನುವುದಿಲ್ಲ. ಉಳಿದವರು ಹಿಮ ಸುರಿಯುವ ದಿನ ಮನೆಯಲ್ಲಿದ್ದರೆ ಜಗತ್ತೇನೂ ಮುಳುಗುವುದಿಲ್ಲ. ನನ್ನ ಕಾರಿಗೆ ಈಗ ಬೆಟ್ಟದ ಗುರುತಿನ ಆಲ್ ಸೀಸನ್ ಟೈರ್ ಇವೆ. ಹಳೆಯ ನಾಲ್ಕು ಚಳಿಗಾಲದ ಗಾಲಿಗಳು ಉಗ್ರಾಣದಲ್ಲೇ ಕೂತಿವೆ. ಪರ ಬರೆದವರಿಗೆ ಬೇಕಿದ್ದರೆ ಹೇಳಲಿ, ರಿಮ್ ಸಮೇತ ಕೊಡುತ್ತೇನೆ, ಆದರೆ ಹೊತ್ತುಕೊಂಡು ಹೋಗುವ ಕೆಲಸ ಅವರದೇ.