ಕಂತಿನಲ್ಲಿ ತಂದ ಗುಡುಗು

ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ನಡೆಯುವುದು ಎರಡೇ ಕೆಲಸ. ಚಾವಡಿಯ ಒಂದು ಮೂಲೆಯಲ್ಲಿ ಅಮ್ಮ ನನ್ನ ನಾಲ್ಕು ವರ್ಷದ ಮಗಳನ್ನು ಎದುರು ಕೂರಿಸಿಕೊಂಡು ಚೆನ್ನೆಮಣೆ ಆಡುತ್ತಾರೆ. ನಡುವಿನ ಸೋಫಾದಲ್ಲಿ ಕೂತು ನಾನು ಟೀವಿ ನೋಡುತ್ತೇನೆ. ನೋಡುತ್ತೇನೆ ಅಷ್ಟೇ. ಹಂಚಿನ ಮೇಲೆ ಮಳೆ ಹೊಡೆಯುವಾಗ ಕೇಳುವ ಪ್ರಶ್ನೆಯೇ ಇಲ್ಲ. ಹೀರೋ ಬಾಯಿ ಅಲ್ಲಾಡಿಸುತ್ತಾನೆ, ಹೀರೋಯಿನ್ ಅಳುತ್ತಾಳೆ, ನಡುವೆ ಎಂತ ಆಯಿತು ಅಂತ ನಾವೇ ಅಂದಾಜು ಮಾಡಿಕೊಳ್ಳಬೇಕು.

ಇದನ್ನು ನೋಡಲಾರದೆ ಬೆಂಗಳೂರಿನಲ್ಲಿರುವ ಸೋದರಳಿಯ ತನ್ನ ಹಳೆಯ ಆಂಪ್ಲಿಫೈಯರನ್ನೂ ಎರಡು ಸಣ್ಣ ಸ್ಪೀಕರುಗಳನ್ನೂ ತಂದುಕೊಟ್ಟಿದ್ದ. ಮಾತು ಸ್ಪಷ್ಟವಾಯಿತು. ಆದರೆ ಸಿನಿಮಾದಲ್ಲಿ ಬಾಂಬು ಸಿಡಿದರೆ ಹಪ್ಪಳ ಮುರಿದ ಹಾಗೆ ಕೇಳುತ್ತಿತ್ತು. ಫೋನಿನಲ್ಲಿ ಹೇಳಿಕೊಂಡೆ.

"ಮಾವಾ, ನಿಮಗೆ ಒಂದು ಸಬ್ ಬೇಕು" ಅಂದ.

ಸಬ್ ಅಂದರೆ ನನಗೆ ಅಷ್ಟರವರೆಗೆ ಗೊತ್ತಿದ್ದದ್ದು ಸಬ್ ರಿಜಿಸ್ಟ್ರಾರ್ ಆಫೀಸು ಮಾತ್ರ. ಅವನು ಬಿಡಿಸಿ ಹೇಳಿದ. ಮನುಷ್ಯನ ಕಿವಿಗೆ 20 ಹರ್ಟ್ಸಿನಿಂದ, ಅಂದರೆ ಸೆಕೆಂಡಿಗೆ 20 ಸಲ ನಡುಗುವಲ್ಲಿಂದ, ಮೇಲಿನ ಸದ್ದು ಕೇಳುತ್ತದೆ. ನಮ್ಮ ಅಂಗೈ ಅಗಲದ ಸ್ಪೀಕರುಗಳು 80ರ ಹತ್ತಿರ ಬರುವಾಗಲೇ ಸುಸ್ತು. ಅದಕ್ಕಿಂತ ಕೆಳಗಿನ ಗುಡುಗು, ಬಾಂಬು, ಡೋಲು ಎಲ್ಲ ಸಬ್‌ವೂಫರಿನ ಪಾಲು. ಸಿನಿಮಾದ ಸದ್ದಿಗೆ 5.1 ಅನ್ನುತ್ತಾರಲ್ಲ, ಆ ಚುಕ್ಕಿ ಒಂದು ಇದೇ. ಉಳಿದ ಐದು ಸ್ಪೀಕರುಗಳಿಗೆ ಎಲ್ಲಾ ಸದ್ದೂ ಉಂಟು, ಇದಕ್ಕೆ 120 ಹರ್ಟ್ಸಿನವರೆಗಿನ ತಗ್ಗು ಸದ್ದು ಮಾತ್ರ. ಹಾಗಾಗಿ ಇದನ್ನು ಪೂರ್ತಿ ಒಂದು ಅಂತ ಎಣಿಸದೆ ದಶಾಂಶ ಒಂದು ಅಂತ ಬರೆದರಂತೆ. ಅಡಿಕೆ ಮಾರಿದ ದುಡ್ಡಿನಲ್ಲಿ ಈ ದಶಾಂಶಕ್ಕೆ ಹತ್ತು ಸಾವಿರ ಎತ್ತಿಡುವುದು ಅಂತ ತೀರ್ಮಾನವಾಯಿತು. ಹೆಂಡತಿಗೆ ಐದು ಅಂತ ಹೇಳಿದೆ.

ಕಾಸರಗೋಡು ಪೇಟೆಯಲ್ಲಿ ಓಣಂ ಆಫರುಗಳ ಬೋರ್ಡು ಆಗಲೇ ಎದ್ದಿತ್ತು. ಒಂದು ಅಂಗಡಿಗೆ ನುಗ್ಗಿದೆ. ಎದುರಿಗೇ ನೀಲಿ ಲೈಟು ಮಿನುಗುವ ಒಂದು ಪೆಟ್ಟಿಗೆ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ 5000 ವ್ಯಾಟ್, ಪಿಎಂಪಿಒ. ಬೆಲೆ ನಾಲ್ಕೂವರೆ ಸಾವಿರ. ನನ್ನ ಸುಳ್ಳು ನಿಜವಾಗುವ ಅವಕಾಶ! ಅಳಿಯನಿಗೆ ಫೋನ್ ಮಾಡಿದರೆ, "ಪೆಟ್ಟಿಗೆ ತಿರುಗಿಸಿ ಹಿಂದಿನ ತಗಡು ಓದಿ ಮಾವಾ" ಅಂದ. ಓದಿದೆ. 230 ವೋಲ್ಟ್, 60 ವ್ಯಾಟ್. ಗೋಡೆಯಿಂದ ಎಳೆದುಕೊಳ್ಳುವುದು ಅರವತ್ತು, ಹೊರಗೆ ಕೊಡುವುದು ಐದು ಸಾವಿರ. ನಮ್ಮ ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿಯ ಒಂದು ದನ ಉಂಟು. ತಿಂದದ್ದಕ್ಕೆ ತಕ್ಕ ಹಾಲು ಕೊಡುತ್ತದೆ, ಜಾಸ್ತಿ ಇಲ್ಲ. ಈ ಲೆಕ್ಕದ ದನ ಎಲ್ಲಾದರೂ ಸಿಗುವುದಾದರೆ ನಾನು ತೋಟ ಮಾರಿ ಹಾಲಿನ ವ್ಯಾಪಾರಕ್ಕೆ ಇಳಿಯುತ್ತಿದ್ದೆ.

"ಪಿಎಂಪಿಒ ಅಂದ್ರೆ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತಿಗೆ ಲೆಕ್ಕ ಹಾಕಿದ ಜಂಬ. ನೀವು ಆರ್‌ಎಂಎಸ್ ಕೇಳಿ, ಅಂದ್ರೆ ಒಂದೇ ಸಮ ಎಷ್ಟು ವ್ಯಾಟ್ ಕೊಡ್ತದೆ ಅಂತ. ಅದು ನೂರು ಇದ್ರೂ ಸಾಕು. ವ್ಯಾಟ್ ಡಬಲ್ ಆದ್ರೆ ಸದ್ದು ಡಬಲ್ ಆಗೋದಿಲ್ಲ, ಮೂರೇ ಡೆಸಿಬೆಲ್ ಏರ್ತದೆ" ಅಂದ ಅಳಿಯ.

ಆರ್‌ಎಂಎಸ್ ಕೇಳಿದ ಕೂಡಲೇ ಅಂಗಡಿಯ ಹುಡುಗನಿಗೆ ನನ್ನ ಮೇಲೆ ಗೌರವ ಬಂತು. ಒಳಗಿನಿಂದ ಬೇರೆ ಪೆಟ್ಟಿಗೆ ತಂದು ಹಾಡು ಹಾಕಿದ. ನಂತರ ನನ್ನ ಮುಖ ನೋಡಿ, "ಚೇಟ್ಟಾ, ನಲ್ಲ ಇಡಿ" ಅಂದ. ಹುಟ್ಟಿದಂದಿನಿಂದ ಮಲಯಾಳ ಕೇಳಿ ಬೆಳೆದವನು ನಾನು. ಆದರೆ ಲೆಕ್ಕ ಹಾಕುವಾಗ ತಲೆ ಕನ್ನಡದಲ್ಲೇ ಇರುತ್ತದೆ. ಕೈಯಲ್ಲಿದ್ದ ಒದ್ದೆ ಕೊಡೆಯನ್ನು ಇಟ್ಟೆ. ಅವನು ಸದ್ದು ಏರಿಸಿ ಮತ್ತೆ "ನಲ್ಲ ಇಡಿ ಅಲ್ಲೇ?" ಅಂದ. ಚೀಲವನ್ನೂ ಇಟ್ಟೆ. ಮೂರನೇ ಸಲ ಅವನು ಎದೆಗೆ ಮುಷ್ಟಿಯಿಂದ ಗುದ್ದಿಕೊಂಡು ತೋರಿಸಿದಾಗಲೇ ಹೊಳೆದದ್ದು, ಮಲಯಾಳದ ಇಡಿ ಅಂದರೆ ಗುದ್ದು, ಗುಡುಗು. ಇಡಲು ನನ್ನ ಹತ್ತಿರ ಆಗ ಪರ್ಸ್ ಒಂದೇ ಬಾಕಿ ಇತ್ತು.

ಪೆಟ್ಟಿಗೆಯಲ್ಲೂ ಎರಡು ಜಾತಿಯಂತೆ. ಎಲ್ಲಾ ಕಡೆ ಮುಚ್ಚಿದ್ದು ಒಂದು. ಮುಂದೆ ಕೊಳವೆಯಂಥ ತೂತು ಇರುವುದು ಇನ್ನೊಂದು. ಮುಚ್ಚಿದ್ದು ಹಾಡಿಗೆ ಒಳ್ಳೆಯದು, ಸದ್ದು ಬಿಗಿಯಾಗಿ ಬಂದು ಬಿಗಿಯಾಗಿ ನಿಲ್ಲುತ್ತದೆ. ತೂತಿನದ್ದರಲ್ಲಿ ಅದೇ ದುಡ್ಡಿಗೆ ಗುಡುಗು ಜಾಸ್ತಿ, ಸಿನಿಮಾಕ್ಕೆ ಸರಿ. ಅದೇ ದುಡ್ಡಿಗೆ ಜಾಸ್ತಿ ಅಂದಮೇಲೆ ನಾನು ಬೇರೆ ಯೋಚನೆ ಮಾಡಲಿಲ್ಲ. ಮತ್ತೊಂದು ಮುಖ್ಯ ವಿಷಯವನ್ನು ಅಳಿಯ ನೆನಪಿಸಿದ. ನಮ್ಮ ಹಳೆ ಆಂಪ್ಲಿಫೈಯರಿನಲ್ಲಿ ಸಬ್‌ಗೆ ಬೇರೆ ತೂತಿಲ್ಲ. ಸ್ಪೀಕರಿನ ತಂತಿಯನ್ನೇ ಸಿಕ್ಕಿಸಲು ಬರುವ ಸಬ್ ಬೇಕು. ಅದೊಂದು ನೋಡದೆ ತಂದಿದ್ದರೆ ಮನೆಗೆ ಒಂದು ಕರಿ ಸ್ಟೂಲು ಬಂದ ಹಾಗೆ ಆಗುತ್ತಿತ್ತು. ಕೊನೆಗೆ ಹತ್ತಿಂಚಿನದ್ದು, ನೂರು ವ್ಯಾಟಿನದ್ದು, ಹನ್ನೊಂದೂವರೆ ಸಾವಿರಕ್ಕೆ, ಆರು ಕಂತಿನಲ್ಲಿ. ಹನ್ನೆರಡಿಂಚಿನದ್ದು ಇನ್ನೂ ಸಾವಿರ ಕಮ್ಮಿಗೆ ಇತ್ತು. ಆದರೆ ಅದರ ಪೆಟ್ಟಿಗೆ ಬೆರಳಲ್ಲಿ ತಟ್ಟಿದರೆ ಬಿಸ್ಕೆಟ್ ಡಬ್ಬದ ಹಾಗೆ ಮಾತಾಡುತ್ತಿತ್ತು. ಹಲಸಿನ ಹಣ್ಣು ತಟ್ಟಿ ನೋಡಿ ಕೊಳ್ಳುವವರಿಗೆ ಇಷ್ಟು ಗೊತ್ತಾಗುತ್ತದೆ.

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದ ಕತೆ ಬೇಡ. ಕಾಲು ಎರಡು ದಿನ ನನ್ನದಾಗಿರಲಿಲ್ಲ.

ಮನೆಯಲ್ಲಿ ಟೀವಿಯ ಪಕ್ಕಕ್ಕೇ ಇಟ್ಟು, ತಂತಿ ಸಿಕ್ಕಿಸಿ, ಸೋಫಾದಲ್ಲಿ ಕೂತೆ. ಬಾಂಬು ಸಿಡಿಯಿತು. ಏನೂ ಇಲ್ಲ. ಸದ್ದು ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ. ಆಗ ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಭೂಕಂಪ ಆಗ್ತಾ ಉಂಟು, ನೀವು ಆರಾಮ ಕೂತಿದ್ದೀರಲ್ಲ!"

"ಎಲ್ಲಿ? ನನಗೆ ಎಂತದೂ ಕೇಳುವುದಿಲ್ಲ."

"ನಿಮಗೆ ಯಾವಾಗ ಕೇಳಿದ್ದು?"

ಈ ಸಲ ಮಾತ್ರ ತಪ್ಪು ನನ್ನದಲ್ಲ, ಚಾವಡಿಯದ್ದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 33 ಹರ್ಟ್ಸಿನ ಒಂದು ಅಲೆಯ ಉದ್ದ ಹತ್ತಿರ ಹತ್ತಿರ 34 ಅಡಿ. ನಮ್ಮ ಚಾವಡಿ ಅಜ್ಜ ಕಟ್ಟಿಸಿದ್ದು, 17 ಅಡಿ. ಸರಿಯಾಗಿ ಅರ್ಧ. ಹಾಗಿದ್ದಾಗ ಆ ಅಲೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು, ಎರಡೂ ತುದಿಯಲ್ಲಿ ಅಬ್ಬರಿಸಿ, ಸರೀ ನಡುವಿನಲ್ಲಿ ಸತ್ತುಹೋಗುತ್ತದೆ. ನಡುವಿನಲ್ಲಿ ಇದ್ದದ್ದು ಸೋಫಾ. ತುದಿಯ ಗೋಡೆಯ ಆಚೆ ಇದ್ದದ್ದು ಅಡುಗೆಮನೆ. ಹನ್ನೊಂದೂವರೆ ಸಾವಿರ ಕೊಟ್ಟು ನಾನು ತಂದ ಗುಡುಗನ್ನು ಪೂರ್ತಿ ಅನುಭವಿಸುತ್ತಿದ್ದದ್ದು ಸಾಂಬಾರಿನ ಪಾತ್ರೆ.

ಇದಕ್ಕೆ ಮದ್ದೂ ಉಂಟು. ನಾವು ಕೂರುವ ಜಾಗದಲ್ಲಿ ಸಬ್ಬನ್ನು ಕೂರಿಸಬೇಕು. ಹಾಡು ಹಾಕಬೇಕು. ನಾವು ಗೋಡೆಯ ಬದಿಯಲ್ಲಿ ಅಂಬೆಗಾಲಿಟ್ಟು, ಕಿವಿಯನ್ನು ನೆಲದ ಹತ್ತಿರ ತಂದು, ಎಲ್ಲಿ ಸದ್ದು ಸಮ ಕೇಳುತ್ತದೋ ಹುಡುಕಬೇಕು. ಅಲ್ಲಿ ಸಬ್ ಇಟ್ಟರೆ ಸೋಫಾಕ್ಕೆ ಹಾಗೆಯೇ ಕೇಳುತ್ತದೆ. ತಮಾಷೆ ಅಲ್ಲ, ಊರಿಡೀ ತಿಳಿದವರು ಮಾಡುವುದು ಇದನ್ನೇ.

ಹಾಗೆ ಅರ್ಧ ಚಾವಡಿ ಸುತ್ತಿದ್ದೆ, ನೋಡುತ್ತೇನೆ, ಹೊಸ್ತಿಲಲ್ಲಿ ಎರಡು ಜೊತೆ ಒದ್ದೆ ಕಾಲು. ತಮ್ಮ ಮಗಳ ಮದುವೆಗೆ ಹೇಳಿಕೆ ಕೊಡಲು ಬಂದ ದೂರದ ಸಂಬಂಧಿಕರು. ಸೋಫಾದಲ್ಲಿ ಕರಿ ಪೆಟ್ಟಿಗೆ ಯಜಮಾನನ ಹಾಗೆ ಕೂತಿದೆ. ಯಜಮಾನ ನೆಲದಲ್ಲಿದ್ದಾನೆ.

"ಎಂತ ಕಳೆದುಹೋಯಿತು?" ಅಂತ ಅವರು ಮೆಲ್ಲಗೆ ಕೇಳಿದರು.

"ಮೂವತ್ತಮೂರು ಹರ್ಟ್ಸು" ಅಂದೆ. ಬಾಯಿಗೆ ಬಂದದ್ದು ಅದೇ.

ಅವರು ತಲೆಯಾಡಿಸಿ, ಕಾಗದವನ್ನು ಅಪ್ಪನ ಕೈಯಲ್ಲಿ ಕೊಟ್ಟು, ಬೆಲ್ಲ ನೀರನ್ನೂ ಕುಡಿಯದೆ ಹೋದರು. ಬೇಗ ಹೋಗಬೇಕಿತ್ತು ಅಂತ ಹೇಳಿದರು.

ಸಿಕ್ಕಿದ ಜಾಗ ಯಾವುದು? ಅಮ್ಮ ಚೆನ್ನೆಮಣೆ ಆಡುವ ಮೂಲೆ. ಅಮ್ಮ ಮಣೆಯನ್ನು ಒಂದು ಮೊಳ ಸರಿಸಿದರು, ಮುಖವನ್ನು ಎರಡು ಮೊಳ. ಮಗಳಿಗೆ ಮಾತ್ರ ಖುಷಿ. ಪೆಟ್ಟಿಗೆಯ ತೂತು ಸರಿಯಾಗಿ ಅವಳ ಎತ್ತರಕ್ಕೇ ಇತ್ತು. ಕೈ ಒಡ್ಡಿದರೆ ಗಾಳಿ ಊದುತ್ತದೆ.

ಇನ್ನು ಅಪ್ಪ. ಕುಂಬಳೆ ಸೀಮೆಯ ಎಲ್ಲಾ ಬಯಲಿನಲ್ಲೂ ರಾತ್ರಿ ಕೂತು ಆಟ ನೋಡಿದವರು. ಯಕ್ಷಗಾನ ಹಾಕು ಅಂದರು. ಹಾಕಿದೆ. ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ, "ಮದ್ದಳೆಗೆ ಜ್ವರ ಬಂದಿದೆ" ಅಂದರು. ನಿಜವೇ. ಚೆಂಡೆ ಆಚೆ ಸ್ಪೀಕರಿನಲ್ಲಿ ಚುರುಕಾಗಿ ಹಾರುತ್ತಿತ್ತು, ಮದ್ದಳೆ ಈಚೆ ಊದಿಕೊಂಡು ಅದರ ಹಿಂದೆ ಏದುಸಿರು ಬಿಡುತ್ತಿತ್ತು. ಸಬ್ಬಿನ ಹಿಂದೆ ಒಂದು ತಿರುಗುಣಿ ಉಂಟು, ಎಷ್ಟು ಹರ್ಟ್ಸಿನ ಕೆಳಗಿನದ್ದನ್ನು ಅದು ವಹಿಸಿಕೊಳ್ಳಬೇಕು ಅಂತ ಹೇಳಲು. ನಾನು ದುಡ್ಡು ಕೊಟ್ಟ ಹುಮ್ಮಸ್ಸಿನಲ್ಲಿ ಅದನ್ನು 150ಕ್ಕೆ ಇಟ್ಟಿದ್ದೆ. 80ಕ್ಕೆ ಇಳಿಸಿದೆ. ಸದ್ದಿನ ತಿರುಗುಣಿಯನ್ನೂ ಇಳಿಸಿದೆ. ಅಪ್ಪ ಇನ್ನೂ ಇಳಿಸು ಅಂತ ಕೈ ಮಾಡುತ್ತಲೇ ಇದ್ದರು. ಇಳಿಸಿದೆ.

"ಈಗ ಸರಿಯಾಯಿತು. ಆಫ್ ಮಾಡಿದಿ ಅಲ್ವಾ?"

"ಹೌದು ಅಪ್ಪಾ."

ಆಫ್ ಮಾಡಿರಲಿಲ್ಲ. ಪರೀಕ್ಷೆಗೆ ಅಂತ ನಿಜವಾಗಿಯೂ ಆಫ್ ಮಾಡಿದೆ. ಅಪ್ಪ ಕಣ್ಣು ತೆರೆದು, "ಎಂತದಾ, ಮದ್ದಳೆಯವ ಎದ್ದು ಹೋದನಾ?" ಅಂದರು.

ಅಷ್ಟಾದರೂ ಒಂದು ಕಾಟ ಬಾಕಿ ಉಳಿಯಿತು. ಎಲ್ಲೋ ಏನೋ ಟಿಕಿಟಿಕಿ ಅನ್ನುತ್ತಿತ್ತು. ಅಳಿಯ ಒಂದು ಟೋನ್ ಕಳಿಸಿದ. 20 ಹರ್ಟ್ಸಿನಿಂದ ಮೆಲ್ಲಗೆ ಮೇಲೆ ಏರುವ ಬರೀ ಒಂದು ಗುಂಯ್. ಅದನ್ನು ಹಾಕಿದಾಗ ಗೊತ್ತಾಯಿತು, ನಮ್ಮ ಮನೆಯಲ್ಲಿ ಇಷ್ಟು ವರ್ಷ ಸುಮ್ನೆ ಕೂತಿದ್ದವರೆಲ್ಲ ತಮ್ಮ ಸರದಿಗೆ ಕಾಯುತ್ತಿದ್ದರು ಅಂತ. ಮೂವತ್ತೆಂಟಕ್ಕೆ ಕಿಟಕಿಯ ಗಾಜು ಶುರು ಮಾಡಿತು. ನಲವತ್ತೈದಕ್ಕೆ ಅದು ಬಾಯಿ ಮುಚ್ಚಿತು, ಗೋಡೆಯ ಮೇಲಿನ ಅಜ್ಜನ ಫೋಟೋ ಕಟಕಟ ಹಲ್ಲು ಕಡಿಯತೊಡಗಿತು. ಬದುಕಿದ್ದಾಗಲೂ ಖರ್ಚು ಕಂಡರೆ ಅಜ್ಜ ಹಾಗೆಯೇ. ಐವತ್ತೆರಡಕ್ಕೆ ಅಡುಗೆಮನೆಯ ಸ್ಟೀಲ್ ಡಬ್ಬಗಳು. ಮೊದಲು ಹಪ್ಪಳದ ಡಬ್ಬದ ಮುಚ್ಚಳ ಒಂದೇ ಸಣ್ಣಗೆ ಜಿಲ್ ಅಂದಿತು, ಆಮೇಲೆ ಪಕ್ಕದ ಮೆಣಸಿನದ್ದು, ಆಮೇಲೆ ಸಾಲಿಗೆ ಸಾಲೇ. ಫೋಟೋದ ಹಿಂದೆ ರಟ್ಟು ತುರುಕಿದೆ. ಡಬ್ಬಗಳ ಕೆಳಗೆ ಹಳೆ ಬೈರಾಸು ಹಾಸಿದೆ. ಸವೆದ ಹವಾಯಿ ಚಪ್ಪಲಿಯನ್ನು ನಾಲ್ಕು ತುಂಡು ಮಾಡಿ ಸಬ್ಬಿನ ಕಾಲಿನಡಿಗೆ ಇಟ್ಟೆ. ಎಲ್ಲರೂ ಸುಮ್ಮನಾದರು. ಟಿಕಿಟಿಕಿ ಮಾತ್ರ ಹೋಗಲಿಲ್ಲ. ಅಟ್ಟ ಹತ್ತಿ ನೋಡಿದೆ. ಹಂಚು ಸರಿಸಿ ನೋಡಿದೆ. ಸಬ್ಬಿನ ಮೇಲೆ ಸಂಶಯ ಬರಲಿಲ್ಲ. ಕಂತು ಕಟ್ಟುತ್ತಿರುವ ವಸ್ತುವಿನ ಮೇಲೆ ಸಂಶಯ ಪಡಲು ಮನಸ್ಸು ಬರುವುದಿಲ್ಲ.

ಈ ನಡುವೆ ಆಟಿ ಮುಗಿದು ಸೋಣ ಬಂತು. ಚೆನ್ನೆಮಣೆ ಅಟ್ಟಕ್ಕೆ ಏರಬೇಕು. ಅಮ್ಮ ಕಾಯಿ ಎಣಿಸಿದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ ಬೇಕು. ಇದ್ದದ್ದು ನಲವತ್ತನಾಲ್ಕು. ಇಲಿಯ ಮೇಲೆ ದೂರು ಹೋಯಿತು. ಲೆಕ್ಕ ಸರಿಯಾಗದೆ ಮಣೆ ಮೇಲೆ ಏರಿಸುವುದಿಲ್ಲ ಅಂತ ಅಮ್ಮ ಹಟ ಹಿಡಿದರು.

ತುಲಾ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ ಮೇಲೆ ಗುಡುಗು ಶುರುವಾಗುತ್ತದೆ. ನಿಜವಾದದ್ದು, ಕಂತಿಲ್ಲದ್ದು. ಮೊದಲ ಗುಡುಗಿಗೆ ಮನೆಯ ಎಲ್ಲಾ ಪ್ಲಗ್ಗುಗಳನ್ನೂ ಕೀಳಬೇಕು, ಇಲ್ಲದಿದ್ದರೆ ಟೀವಿ, ಫ್ರಿಜ್ಜು ಯಾವುದೂ ನಮ್ಮದಲ್ಲ. ಗುಡುಗು ಕೇಳಲಿಕ್ಕೆ ಅಂತ ತಂದದ್ದನ್ನು ಗುಡುಗು ಬಂದ ಕೂಡಲೇ ಆಫ್ ಮಾಡುವ ಭಾಗ್ಯ ನನ್ನದು. ಅವತ್ತು ಸಬ್ಬಿನ ಪ್ಲಗ್ಗು ಗೋಡೆ ಮತ್ತು ಪೆಟ್ಟಿಗೆಯ ನಡುವೆ ಸಿಕ್ಕಿತ್ತು. ಪೆಟ್ಟಿಗೆಯನ್ನು ಮುಂದಕ್ಕೆ ವಾಲಿಸಿದೆ. ಒಳಗೆ ಏನೋ ಜರಜರ ಉರುಳಿತು.

ಇನ್ನಷ್ಟು ವಾಲಿಸಿದೆ. ತೂತಿನಿಂದ ಒಂದು ಕೆಂಪು ಕಾಯಿ ಹೊರಗೆ ಬಂದು ನೆಲದಲ್ಲಿ ಉರುಳಿ ಅಮ್ಮನ ಕಾಲಿನ ಹತ್ತಿರ ನಿಂತಿತು.

"ಅದಕ್ಕೆ ಬಾಯಿ ಉಂಟಲ್ಲ ಅಪ್ಪಾ. ಯಾವಾಗಲೂ ಗುರ್ ಅಂತದೆ. ಹಸಿವಾಗ್ತದೆ" ಅಂದಳು ಮಗಳು.

ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ನಾನೂ ಹೆಂಡತಿಯೂ ಅತ್ತಿತ್ತ ಕುಲುಕಿದೆವು. ಎರಡು, ಐದು, ಒಂಬತ್ತು. ಹನ್ನೊಂದಕ್ಕೆ ನಿಂತಿತು. ಮತ್ತೆ ಕುಲುಕಿದರೆ ಒಳಗೆ ಒಂಟಿ ಒಂದು ಕಾಯಿ ಟಕ್ ಟಕ್ ಅನ್ನುತ್ತದೆ, ಹೊರಗೆ ಬರುವುದಿಲ್ಲ. ಸ್ಕ್ರೂ ಬಿಚ್ಚಿದರೆ ಸಲೀಸು. ಆದರೆ ಸ್ಕ್ರೂವಿನ ಮೇಲೆ ಒಂದು ಸ್ಟಿಕ್ಕರ್ ಉಂಟು. ಅದು ಹರಿದರೆ ಗ್ಯಾರಂಟಿ ಇಲ್ಲ. ಗ್ಯಾರಂಟಿ ಒಂದು ವರ್ಷದ್ದು, ಕಂತು ಇನ್ನೂ ನಾಲ್ಕು ಬಾಕಿ.

ಐವತ್ತೈದು ಕಾಯಿಯ ಮಣೆಯನ್ನು ಅಮ್ಮ ಅಟ್ಟಕ್ಕೆ ಏರಿಸಲಿಲ್ಲ. ತೆಗೆದುಕೊಂಡು ಹೋಗಿ ಸಬ್ಬಿನ ಮೇಲೆಯೇ ಇಟ್ಟಿದ್ದಾರೆ. ಈಗ ಸಿನಿಮಾದಲ್ಲಿ ಬಾಂಬು ಸಿಡಿದರೆ ಮೇಲೆ ಐವತ್ತೈದು ಕಾಯಿ ಒಟ್ಟಿಗೇ ಗುಳಿಯಲ್ಲಿ ಕುಣಿಯುತ್ತವೆ, ಒಳಗಿನಿಂದ ಒಂದು ಉತ್ತರ ಕೊಡುತ್ತದೆ.