ಪಾಯಾ ತೆಗೆಸುವ ಮೊದಲು ಕಾಗದ ತೆಗೆಸಿ

ತೊಗರಿ, ದ್ರಾಕ್ಷಿಯ ದುಡ್ಡು ಕೈಗೆ ಬಂತೆಂದರೆ ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಮನೆ ಕಟ್ಟುವ ಮಾತು ಶುರುವಾಗುತ್ತದೆ. ಗುತ್ತೇದಾರ ಯಾರು ಅಂತ ಕೇಳಿ ನೋಡಿ, "ನಮ್ಮ ಪೈಕಿನವ್ರ ಅದಾರ್ರಿ, ಭಾಳ ಛಲೋ ಮನುಷ್ಯಾ" ಅನ್ನುತ್ತಾರೆ. ಮನುಷ್ಯ ಛಲೋ ಇರಬಹುದು. ಆದರೆ ಮೂವತ್ತು-ನಲವತ್ತು ಲಕ್ಷದ ಕೆಲಸ ಒಪ್ಪಿಸಲು ಅಷ್ಟೇ ಸಾಕೇ? ಜೋಡಿ ಎತ್ತು ಕೊಳ್ಳುವಾಗ ಬಾಯಿ ತೆಗೆಸಿ ಹಲ್ಲು ಎಣಿಸುವವರು ಗುತ್ತೇದಾರರ ಆಧಾರ್ ಕಾರ್ಡ್ ಕೇಳಲು ಸಂಕೋಚಪಡುತ್ತಾರೆ. ಆ ಸಂಕೋಚವೇ ದುಬಾರಿ ಬೀಳುವುದು.

ಒಂದು ತಪ್ಪು ತಿಳಿವಳಿಕೆ ಮೊದಲೇ ಹೋಗಲಿ. "ನಾವು ಕ್ಲಾಸ್ ಒನ್ ಕಾಂಟ್ರಾಕ್ಟರ್" ಅಂತ ವಿಸಿಟಿಂಗ್ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿರುತ್ತಾರೆ. ಅದು ಲೋಕೋಪಯೋಗಿ ಇಲಾಖೆಯ ದರ್ಜೆ, ಸರ್ಕಾರಿ ಟೆಂಡರ್ ಹಿಡಿಯಲು ಬೇಕಾದದ್ದು. ರಸ್ತೆ, ಸೇತುವೆ ಮಾಡಿದವರಿಗೆ ನಿಮ್ಮ ಅಡುಗೆಮನೆಯ ಸಿಂಕಿನ ಇಳಿಜಾರು ಗೊತ್ತಿರಬೇಕೆಂದೇನಿಲ್ಲ. ಹಾಗೆಯೇ "ರೇರಾ ನಂಬರ್ ಐತೇನ್ರಿ?" ಅಂತ ಕೆಲವರು ಕೇಳುತ್ತಾರೆ. ಪ್ಲಾಟ್, ಅಪಾರ್ಟ್‌ಮೆಂಟ್ ಮಾಡಿ ಮಾರುವ ಯೋಜನೆಗಳಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ನೋಂದಣಿ, ಇದೆ. ನಿಮ್ಮ ಸ್ವಂತ ಜಾಗದಲ್ಲಿ ನಿಮಗಾಗಿ ಕಟ್ಟಿಕೊಡುವವರಿಗೆ ಅದು ಅನ್ವಯಿಸುವುದಿಲ್ಲ. ಖಾಸಗಿ ಮನೆ ಕಟ್ಟುವವರೆಲ್ಲ ಹೊಂದಿರಲೇಬೇಕಾದ ಒಂದೇ ಒಂದು ಲೈಸೆನ್ಸ್ ನಮ್ಮಲ್ಲಿ ಇಲ್ಲ. ಹಾಗಾಗಿ ನಾಲ್ಕಾರು ಕಡೆಯಿಂದ ಚೂರುಚೂರಾಗಿ ಪರೀಕ್ಷಿಸಬೇಕಾಗುತ್ತದೆ.

ಜಿಎಸ್‌ಟಿ ನಂಬರಿನಿಂದ ಶುರುಮಾಡಿ, ಅದರಲ್ಲಿ ಜನ ಅಂದುಕೊಂಡದ್ದಕ್ಕಿಂತ ಹೆಚ್ಚು ಮಾಹಿತಿ ಇದೆ. ಒಟ್ಟು 15 ಅಂಕಿ-ಅಕ್ಷರ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಅವರ ಪ್ಯಾನ್ ಸಂಖ್ಯೆ. ಇಡೀ ನಂಬರಿನ ಆರನೇ ಅಕ್ಷರ ನೋಡಿ. 'ಪಿ' ಇದ್ದರೆ ಒಬ್ಬ ವ್ಯಕ್ತಿ, 'ಎಫ್' ಇದ್ದರೆ ಪಾಲುದಾರಿಕೆ ಸಂಸ್ಥೆ, 'ಸಿ' ಇದ್ದರೆ ಕಂಪನಿ. ಬೋರ್ಡಿನ ಮೇಲೆ ಪ್ರೈವೇಟ್ ಲಿಮಿಟೆಡ್ ಅಂತ ಬರೆದು ಆರನೇ ಅಕ್ಷರ 'ಪಿ' ಬಂತೆಂದರೆ ಆ ನಂಬರ್ ಕಂಪನಿಯದಲ್ಲ, ಯಾರೋ ಒಬ್ಬರ ಹೆಸರಿನದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಈ ನಂಬರ್ ಹಾಕಿ ಹುಡುಕಬಹುದು. ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿಯಾದ ದಿನ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್ ಕಟ್ಟುತ್ತಿದ್ದಾರೋ ಇಲ್ಲವೋ ಎಲ್ಲ ಬರುತ್ತದೆ. "ಹದಿನೈದು ವರ್ಷದ ಅನುಭವ" ಅಂದವರ ನೋಂದಣಿ ಹೋದ ವರ್ಷದ್ದಾಗಿದ್ದರೆ ಕಾರಣ ಕೇಳಿ, ಸರಿಯಾದ ಕಾರಣ ಇರಲೂಬಹುದು. ಅಲ್ಲಿ ಬಂದ ಕಾನೂನುಬದ್ಧ ಹೆಸರೂ ನೀವು ದುಡ್ಡು ಹಾಕುವ ಬ್ಯಾಂಕ್ ಖಾತೆಯ ಹೆಸರೂ ಒಂದೇ ಇರಬೇಕು. ಅಳಿಯನ ಖಾತೆಗೆ ಹಾಕಿ, ಹೆಂಡತಿಯ ಫೋನ್‌ಪೇಗೆ ಹಾಕಿ ಅನ್ನುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಜಿಎಸ್‌ಟಿ ಇಲ್ಲದವರೆಲ್ಲ ಕಳ್ಳರಲ್ಲ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ನೋಂದಣಿ ಕಡ್ಡಾಯ. ಒಂಟಿ ಮನೆಯ ಹೊಸ ಕಟ್ಟಡಕ್ಕೆ ಬರೀ ಕೂಲಿ ಗುತ್ತಿಗೆ ಹಿಡಿದರೆ ಆ ಕೆಲಸಕ್ಕೆ ತೆರಿಗೆ ವಿನಾಯಿತಿಯೇ ಇದೆ. ಹಾಗಾಗಿ ಲೇಬರ್ ಕಾಂಟ್ರಾಕ್ಟ್ ಮಾಡುವ ಗೌಂಡಿಯ ಹತ್ತಿರ ನಂಬರ್ ಇಲ್ಲದಿದ್ದರೆ ತಪ್ಪಲ್ಲ. ಆದರೆ ವರ್ಷಕ್ಕೆ ಐದು ಮನೆ ಮಟೀರಿಯಲ್ ಸಮೇತ ಕಟ್ಟುತ್ತೇನೆ ಅನ್ನುವವರ ಹತ್ತಿರ ಇಲ್ಲ ಅಂದರೆ ಐದು ಮನೆಯ ಮಾತು ಸುಳ್ಳು, ಇಲ್ಲವೇ ಲೆಕ್ಕ ಸುಳ್ಳು. ನಂಬರ್ ಇಲ್ಲದೆ ಬಿಲ್ಲಿನಲ್ಲಿ 18 ಪರ್ಸೆಂಟ್ ಸೇರಿಸುವ ಮಹಾನುಭಾವರೂ ಇದ್ದಾರೆ. ಆ ದುಡ್ಡು ಸರ್ಕಾರಕ್ಕೆ ಹೋಗುವುದಿಲ್ಲ.

ಎಲೆಕ್ಟ್ರಿಕ್ ಕೆಲಸಕ್ಕೆ ಮಾತ್ರ ಲೈಸೆನ್ಸ್ ಗಟ್ಟಿಯಾಗಿ ಬೇಕು. ವಿದ್ಯುತ್ ಪರಿವೀಕ್ಷಣಾಲಯ ಕೊಟ್ಟ ಪರವಾನಗಿ ಇರುವ ಗುತ್ತೇದಾರರು ವೈರಿಂಗ್ ಮುಗಿದ ವರದಿಗೆ ಸಹಿ ಹಾಕಿದರೇ ಹೆಸ್ಕಾಂ ಕಾಯಂ ಮೀಟರ್ ಕೊಡುವುದು. ಇಲ್ಲಿ ನಡೆಯುವ ಆಟ ಎಲ್ಲರಿಗೂ ಗೊತ್ತು: ವೈರ್ ಎಳೆಯುವ ಹುಡುಗರು ಒಬ್ಬರು, ಕೊನೆಗೆ ದುಡ್ಡು ತೆಗೆದುಕೊಂಡು ಸಹಿ ಹಾಕುವವರು ಇನ್ನೊಬ್ಬರು. ಸಹಿ ಹಾಕುವವರು ಪೈಪ್ ಮುಚ್ಚುವ ಮೊದಲು ಒಮ್ಮೆ, ಅರ್ಥಿಂಗ್ ಗುಂಡಿ ತೋಡಿದಾಗ ಒಮ್ಮೆ ಸೈಟಿಗೆ ಬರಬೇಕು ಅಂತ ಮೊದಲೇ ಷರತ್ತು ಹಾಕಿ. ಆರ್ಕಿಟೆಕ್ಟ್ ಅಂತ ಹೇಳಿಕೊಂಡವರ ಹೆಸರನ್ನು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಪಟ್ಟಿಯಲ್ಲಿ ನೋಡಬಹುದು. 1972ರ ಕಾಯ್ದೆಯಂತೆ ನೋಂದಣಿ ಇಲ್ಲದವರು ಆ ಬಿರುದು ಹಾಕಿಕೊಳ್ಳುವಂತಿಲ್ಲ.

ಕೋರ್ಟು ಕಚೇರಿಯ ಹಿನ್ನೆಲೆ ನೋಡುವುದೂ ಈಗ ಮೊಬೈಲಿನಲ್ಲೇ ಆಗುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ನ್ಯಾಯಾಲಯ ಆರಿಸಿ ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿದರೆ ಪ್ರಕರಣಗಳ ಪಟ್ಟಿ ಬರುತ್ತದೆ. ಹೆಸರನ್ನು ಎರಡು ಮೂರು ರೀತಿಯ ಸ್ಪೆಲ್ಲಿಂಗ್‌ನಲ್ಲಿ ಹಾಕಿ, ಒಂದೇ ಹೆಸರಿನವರು ನೂರು ಜನ ಇರುತ್ತಾರೆಂಬುದನ್ನೂ ಮರೆಯಬೇಡಿ. ಒಂದು ಹೊಲದ ವ್ಯಾಜ್ಯ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚೆಕ್ ಬೌನ್ಸ್ ಪ್ರಕರಣಗಳು ಸಾಲಾಗಿ ಬಂದರೆ ನಿಮ್ಮ ಅಡ್ವಾನ್ಸ್ ಯಾವ ಹಳೆಯ ಸಾಲಕ್ಕೆ ಹೋಗುತ್ತದೆ ಅಂತ ಊಹಿಸಬಹುದು.

ಇಷ್ಟೆಲ್ಲ ಕಾಗದ ಆ ವ್ಯಕ್ತಿ ಯಾರು ಅಂತ ಹೇಳುತ್ತದೆ, ಕೆಲಸ ಹೇಗೆ ಅಂತ ಹೇಳುವುದಿಲ್ಲ. ಅದಕ್ಕೆ ಅವರು ಕಟ್ಟಿದ ಮನೆಗಳನ್ನು ನೋಡಬೇಕು, ಅದೂ ಮೂರು ವರ್ಷ ದಾಟಿದವನ್ನು. ಗೃಹಪ್ರವೇಶದ ಮಾವಿನ ತೋರಣ ಇನ್ನೂ ಒಣಗಿರದ ಮನೆ ನೋಡಿದರೆ ಬಣ್ಣ ಬಿಟ್ಟು ಏನೂ ಕಾಣುವುದಿಲ್ಲ. ನಮ್ಮ ಎರಿ ಮಣ್ಣು (ಕಪ್ಪು ಮಣ್ಣು) ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯಾ ಆ ಪದರದಲ್ಲೇ ನಿಂತಿದ್ದರೆ ಮನೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಅದಕ್ಕೆ ಏಪ್ರಿಲ್-ಮೇ ತಿಂಗಳಲ್ಲಿ, ನೆಲ ಪೂರ್ತಿ ಬಿರಿದಾಗ ಹೋಗಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಮೆಟ್ಟಿಲು ಮನೆಯಿಂದ ಬೇರೆಯಾಗಿ ನಿಂತದ್ದು, ಕಟ್ಟಡದ ಸುತ್ತ ನೆಲ ಬಿಟ್ಟ ಸಂದು ಇವನ್ನು ನೋಡಿ. ಸ್ಲ್ಯಾಬಿನ ಅಡಿಯಲ್ಲಿ ಸಾಲುಸಾಲಾಗಿ ತುಕ್ಕಿನ ಕಲೆ ಇದ್ದರೆ ರಾಡಿನ ಕೆಳಗೆ ಕವರ್ ಬ್ಲಾಕ್ (ರಾಡನ್ನು ಎತ್ತಿ ಹಿಡಿಯುವ ಬಿಲ್ಲೆ) ಇಟ್ಟಿಲ್ಲವೆಂಬ ಅನುಮಾನ. ಬೆಳಗಾವಿಯವರು ಉಲ್ಟಾ ಮಾಡಿ, ಮಳೆ ಹಿಡಿದ ಜುಲೈ ಕೊನೆಗೆ ಹೋಗಿ ತಾರಸಿಯ ಪ್ಯಾರಾಪೆಟ್ ಬುಡ ಮತ್ತು ಬಚ್ಚಲಿನ ಹಿಂದಿನ ಗೋಡೆ ಮುಟ್ಟಿ ನೋಡಿ.

ಮನೆಯವರನ್ನು "ಕೆಲಸ ಛಲೋ ಮಾಡ್ಯಾರೇನ್ರಿ?" ಅಂತ ಕೇಳಿ ಉಪಯೋಗವಿಲ್ಲ. ತಮ್ಮ ಮನೆಯನ್ನು ತಾವೇ ಯಾರೂ ಹೀಗಳೆಯುವುದಿಲ್ಲ. ಮೊದಲು ಹೇಳಿದ ಮೊತ್ತ ಎಷ್ಟು, ಕೊನೆಗೆ ಮುಟ್ಟಿದ್ದು ಎಷ್ಟು, ನಡುವೆ ಕೆಲಸ ಎಷ್ಟು ದಿನ ನಿಂತಿತ್ತು, ಸೋರಿದಾಗ ಫೋನ್ ಎತ್ತಿದರಾ ಅಂತ ಕೇಳಿ.

ಆಮೇಲೆ ಅವರು ಮಾಲು ತರುವ ಸಿಮೆಂಟ್-ಕಬ್ಬಿಣದ ಅಂಗಡಿಗೆ ಹೋಗಿ. ನನ್ನ ಪ್ರಕಾರ ಗುತ್ತೇದಾರರ ನಿಜವಾದ ಪ್ರಮಾಣಪತ್ರ ಇರುವುದು ಅಲ್ಲಿಯ ಉದ್ರಿ (ಸಾಲದ) ಪುಸ್ತಕದಲ್ಲಿ. ಉದ್ರಿ ಏರಿದರೆ ಅಂಗಡಿಯವರು ಮಾಲು ನಿಲ್ಲಿಸುತ್ತಾರೆ. ನಡೆಯುತ್ತಿರುವ ಸೈಟಿನಲ್ಲಿ ಗೌಂಡಿಗಳನ್ನು ಬಟವಡೆ (ಕೂಲಿ ಹಂಚಿಕೆ) ವಾರವಾರ ಸರಿಯಾಗಿ ಆಗುತ್ತದಾ ಅಂತ ಮೆಲ್ಲಗೆ ಕೇಳಿ. ಎರಡು ವಾರ ಬಟವಡೆ ತಪ್ಪಿತೆಂದರೆ ಮೂರನೇ ವಾರ ಆ ತಂಡ ಬೇರೆ ಸೈಟಿನಲ್ಲಿರುತ್ತದೆ, ಉಳಿದ ಕೆಲಸಕ್ಕೆ ಕೈಗೆ ಸಿಕ್ಕ ಹೊಸಬರು ಬರುತ್ತಾರೆ. ಅರ್ಧಕ್ಕೆ ನಿಂತ ಎಷ್ಟೋ ಮನೆಗಳ ಹಿಂದೆ ಇರುವುದು ಇದೇ ದುಡ್ಡಿನ ಕಥೆ, ಕೆಲಸ ಬರದೆ ನಿಂತದ್ದಲ್ಲ.

ಎದುರು ಕೂತಾಗ ಮೂರು ಪ್ರಶ್ನೆ ಕೇಳಿ. ಪಾಯಾ ಎಷ್ಟು ಆಳ? ಜಾಗ ನೋಡದೆ "ಐದು ಫೂಟ್ ಸಾಕ್ರಿ" ಅಂದರೆ ಆ ಉತ್ತರ ಫೇಲು. "ಗುಂಡಿ ತೋಡಿ ಗರಸು ಎಲ್ಲಿ ಸಿಗ್ತದ ನೋಡೂಣು, ಎರಿ ಭಾಳ ಆಳ ಇದ್ರ ಎಂಜಿನಿಯರ್‌ನ ಕೇಳೂಣು" ಅಂದರೆ ಪಾಸು. ಗರಸು ಅಂದರೆ ಎರಿಯ ಕೆಳಗಿನ ಗಟ್ಟಿ ಪದರ. ಎರಡನೆಯದು, 12 ಎಂಎಂ ರಾಡ್ 12 ಮೀಟರಿನದು ತೂಕ ಎಷ್ಟು? ಹತ್ತೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು, ಲೆಕ್ಕದಲ್ಲಿ 10.66. ಮೂರನೆಯದು, ಬಿಸಿಲಿನಲ್ಲಿ ಸ್ಲ್ಯಾಬಿಗೆ ಎಷ್ಟು ದಿನ ನೀರು? ಬಿಸಿ, ಒಣಹವೆಯಲ್ಲಿ ಕನಿಷ್ಠ 10 ದಿನ. ಬೋರಿನ ಸವಳು ನೀರೇ ಕಲಸಲು ಬಳಸುವ ಜಾಗವಾದರೆ ಲ್ಯಾಬಿಗೆ ಕೊಡಿಸಿ. ರಾಡ್ ಇರುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು.

ಒಪ್ಪಿಗೆಯಾದರೆ ಕರಾರುಪತ್ರ. ಸ್ಕ್ವೇರ್ ಫೂಟಿನ ದರ ಯಾವ ಅಳತೆಗೆ ಅನ್ನುವುದರಲ್ಲೇ ಅರ್ಧ ಜಗಳ ಹುಟ್ಟುತ್ತದೆ. ಬಾಲ್ಕನಿ, ಮೆಟ್ಟಿಲ ಮೇಲಿನ ಕೋಣೆ ಸೇರಿದೆಯೋ, ಸಂಪು, ಕಂಪೌಂಡು, ಸೆಪ್ಟಿಕ್ ಟ್ಯಾಂಕ್ ಬೇರೆಯೋ ಅಂತ ಬರೆಸಿ. ಸಿಮೆಂಟಿನ ಬ್ರ್ಯಾಂಡ್, ಕಬ್ಬಿಣದ ದರ್ಜೆ, ಉಸುಕು ಯಾವುದು ಎಲ್ಲ ಬರಲಿ. ಅಡ್ವಾನ್ಸ್ 10 ಪರ್ಸೆಂಟ್ ದಾಟದಿರಲಿ, ಉಳಿದದ್ದು ಪ್ಲಿಂತ್ (ಪಾಯಾದ ಮೇಲಿನ ಕಟ್ಟೆ), ಲಿಂಟಲ್ (ಬಾಗಿಲು-ಕಿಟಕಿಯ ಮೇಲಿನ ತೊಲೆ), ಸ್ಲ್ಯಾಬ್, ಪ್ಲಾಸ್ಟರ್ ಹೀಗೆ ಹಂತ ಮುಗಿದ ಮೇಲೆ. ಕೊನೆಯ 5 ಪರ್ಸೆಂಟ್ ಒಂದು ಮಳೆಗಾಲ ಕಳೆದ ಮೇಲೆ ಕೊಡುತ್ತೇವೆ ಅಂದಾಗ ಎದುರಿನವರ ಮುಖ ನೋಡಿ. ಕೆಲಸದ ಮೇಲೆ ಭರವಸೆ ಇದ್ದವರು ಚೌಕಾಶಿ ಮಾಡಿಯಾದರೂ ಒಪ್ಪುತ್ತಾರೆ. ದುಡ್ಡೆಲ್ಲ ಖಾತೆಯಿಂದಲೇ ಹೋಗಲಿ. ಮುಂದೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಕರಾರು ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಇವೆರಡೇ ನಿಮ್ಮ ಸಾಕ್ಷಿ, ದೂರು ಕೊಡಲು ಎರಡು ವರ್ಷದ ಗಡುವಿದೆ.

ಇನ್ನೊಂದು, ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಸೆಂಟ್ರಿಂಗ್ ಮೇಲಿಂದ ಒಬ್ಬ ಕೆಲಸಗಾರ ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು? ಗುತ್ತೇದಾರರು ಕಾರ್ಮಿಕರ ವಿಮೆ ಮಾಡಿಸಿದ್ದರೆ ಪಾಲಿಸಿಯ ಪ್ರತಿ ತೆಗೆದುಕೊಳ್ಳಿ, ಅದರ ಅವಧಿ ನಿಮ್ಮ ಕೆಲಸ ಮುಗಿಯುವ ತನಕ ಇದೆಯಾ ನೋಡಿ. ಗೌಂಡಿ, ಸೆಂಟ್ರಿಂಗ್‌ನವರು, ಖಡಿ-ಉಸುಕು ಹೊರುವ ಹೆಣ್ಣುಮಕ್ಕಳು ಇವರಲ್ಲಿ ಎಷ್ಟು ಜನರ ಹತ್ತಿರ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದೆ ಅಂತಲೂ ಕೇಳಿ. ಇಲ್ಲದವರಿಗೆ ಪಾಯಾ ಪೂಜೆಗೂ ಮೊದಲೇ ಅರ್ಜಿ ಹಾಕಿಸುವಂತೆ ಗುತ್ತೇದಾರರಿಗೆ ಹೇಳಿ.