ಸ್ಪಷ್ಟನೆ: ಮುಚ್ಚಿದ ಟರ್ಮಿನಲ್‌ನಿಂದ ಎಡಿಟರ್ ಎದ್ದು ಬರುವುದಿಲ್ಲ

‘ಎಫ್‌ಜಿ (fg) ಆಜ್ಞೆ, ಅದು ಆಗದಿದ್ದರೆ ವಿಮ್ (vim) ಎಡಿಟರ್’ ಎಂಬ ಅಲಿಯಾಸ್, ಅಂದರೆ ಆಜ್ಞೆಗಳಿಗೆ ಇಡುವ ಅಡ್ಡಹೆಸರು, ಬರೆದಿಟ್ಟರೆ ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಮುಚ್ಚಿದರೂ ಪಠ್ಯ ಬರೆಯುವ ಆ ಎಡಿಟರ್ ಬಿಟ್ಟಲ್ಲಿಂದಲೇ ತೆರೆದುಕೊಳ್ಳುತ್ತದೆ ಎಂಬ ಸಂದೇಶ ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಕಂಟ್ರೋಲ್-ಝಡ್ ಒತ್ತಿ ತಡೆದು ನಿಲ್ಲಿಸಿದ ಕೆಲಸವನ್ನು ಎಫ್‌ಜಿ ಮುಂದಕ್ಕೆ ತರುತ್ತದೆ, ಅದೂ ಅದೇ ಶೆಲ್‌ನಲ್ಲಿ, ಅಂದರೆ ಟರ್ಮಿನಲ್‌ನೊಳಗೆ ನಿಮ್ಮ ಆಜ್ಞೆಗಳನ್ನು ನಡೆಸುವ ಅದೇ ಪ್ರೋಗ್ರಾಂನಲ್ಲಿ. ಶೆಲ್ ಮುಚ್ಚಿತೆಂದರೆ ಆ ಕೆಲಸಗಳ ಪಟ್ಟಿಯೂ ಹೋಯಿತು. ಸಕಲೇಶಪುರದ ಮಳೆಯಲ್ಲಿ ಕರೆಂಟ್ ಕೈಕೊಟ್ಟಾಗ ನಿಮ್ಮ ಬರಹವನ್ನು ಕಾಪಾಡುವುದು ಅಲಿಯಾಸ್ ಅಲ್ಲ, ಉಳಿಸದ ಬದಲಾವಣೆಗಳನ್ನು ವಿಮ್ ಬರೆದಿಡುವ ಸ್ವಾಪ್ ಕಡತ. ಸಾಮಾನ್ಯವಾಗಿ 200 ಅಕ್ಷರ ಬರೆದಾಗ, ಇಲ್ಲವೇ 4 ಸೆಕೆಂಡು ಕೈ ನಿಂತಾಗ ಅದು ಡಿಸ್ಕ್‌ಗೆ ಹೋಗುತ್ತದೆ. ಮರಳಿ ಪಡೆಯಲು ವಿಮ್‌ಗೆ ‘-ಆರ್’ (ಸಣ್ಣಕ್ಷರದ r) ಆಯ್ಕೆ ಕೊಟ್ಟು ನೀವು ಬರೆಯುತ್ತಿದ್ದ ಕಡತವನ್ನು ತೆರೆಯಬೇಕು.

ಸಂದೇಶ ಹೇಳದ ಕಿರಿಕಿರಿಯೊಂದಿದೆ: ನಿಲ್ಲಿಸಿದ ಎಡಿಟರ್ ಇದ್ದರೆ, ಅಲಿಯಾಸ್‌ನ ಮುಂದೆ ನೀವು ಬರೆದ ಹೊಸ ಕಡತದ ಹೆಸರನ್ನು ಅದು ಕೇಳಿಸಿಕೊಳ್ಳುವುದೇ ಇಲ್ಲ.